ಕಣ್ಣಿನ ಬಿಳಿ

ನಾನು ಮದುವೆ ವಿಡಿಯೋಗಳ ಬಣ್ಣ ಸರಿ ಮಾಡುವವಳು. ಬೇರೆ ಊರುಗಳಲ್ಲಿ ಅದು ಎರಡು ದಿನದ ಕೆಲಸವಂತೆ. ನಮ್ಮ ಊರಿನಲ್ಲಿ ಹದಿನೈದು ದಿನ ಹಿಡಿಯುತ್ತದೆ, ಯಾಕೆಂದರೆ ಇಲ್ಲಿ ಬೀದಿಗೊಂದು ಬೆಳಕು. ಕಂಚುಗಾರ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಯಿಸಿದ ತುಪ್ಪದಂಥ ಹಳದಿ. ಅದರ ತುದಿಯಲ್ಲಿ ಎಡಕ್ಕೆ ತಿರುಗಿ ಕೆರೆ ಬೀದಿಗೆ ಕಾಲಿಟ್ಟರೆ ಒಂದೇ ಹೆಜ್ಜೆಗೆ ನೀಲಿ. ಮಗ್ಗದ ಬೀದಿಯದು ದಾಸವಾಳ ಕಿವುಚಿದ ನೀರಿನ ಬಣ್ಣ. ಮನೆಯೊಳಗೆ ಬಲ್ಬು ಹಾಕಿದರೂ ಅಷ್ಟೇ, ಬೀದಿಯ ಬಣ್ಣ ಬಲ್ಬಿನೊಳಕ್ಕೂ ಹೋಗಿ ಕೂರುತ್ತದೆ.

ಜನ ಇದಕ್ಕೆ ಎಂದೋ ಹೊಂದಿಕೊಂಡುಬಿಟ್ಟಿದ್ದಾರೆ. ಟೊಮೆಟೊ ಮಾರುವವರು ತಳ್ಳುಗಾಡಿಯನ್ನು ಮಗ್ಗದ ಬೀದಿಯಲ್ಲೇ ನಿಲ್ಲಿಸುತ್ತಾರೆ. ಸೀರೆ ಕೊಳ್ಳುವ ಹೆಂಗಸರು ಅಂಗಡಿಯಿಂದ ನಾಲ್ಕು ಸೀರೆ ಎತ್ತಿಕೊಂಡು ತಮ್ಮ ತಮ್ಮ ಜಗಲಿಗೆ ಹೋಗಿ, ಹರಡಿ ನೋಡಿ, ಬೇಡವಾದ ಮೂರನ್ನು ವಾಪಸು ತಂದಿಡುತ್ತಾರೆ. ಶಾಲೆಯಲ್ಲಿ ಎಲೆಯ ಬಣ್ಣ ಯಾವುದು ಎಂದು ಕೇಳಿದರೆ ಮಕ್ಕಳು ಯಾವ ಬೀದಿಯ ಎಲೆ ಮಿಸ್ ಎಂದು ತಿರುಗಿ ಕೇಳುತ್ತಾರೆ. ಮತ್ತು ಇಲ್ಲಿ ಯಾರೂ ಯಾರ ಮೈಬಣ್ಣದ ಬಗ್ಗೆಯೂ ಮಾತಾಡುವುದಿಲ್ಲ. ಯಾಕೋ ಬಿಳಿಚಿಕೊಂಡಿದ್ದೀಯಲ್ಲ ಎಂದು ಕೇಳುವುದು ನಮ್ಮಲ್ಲಿ ಬೈದಂತೆ. ಒಂದು ಕಾಲಕ್ಕೆ ಅದರಿಂದ ಬೀದಿ ಬೀದಿಗಳ ನಡುವೆ ಹೊಡೆದಾಟಗಳೇ ಆಗಿದ್ದುವಂತೆ. ಈಗ ಮಗು ಮಾತು ಕಲಿಯುವಾಗಲೇ ಬಣ್ಣದ ಮಾತು ಆಡಬಾರದು ಎಂದು ಹೇಳಿಕೊಡುತ್ತಾರೆ.

ನನ್ನ ಸ್ಟುಡಿಯೋ ಇರುವುದು ಬೋಳು ಬೀದಿಯಲ್ಲಿ. ಹನ್ನೆರಡೇ ಮನೆಗಳ ಗಲ್ಲಿ. ಇಲ್ಲಿಯ ಬೆಳಕಿಗೆ ಬಣ್ಣವೇ ಇಲ್ಲ. ಬಿಳಿ ಬಿಳಿಯಾಗಿ, ಕಪ್ಪು ಕಪ್ಪಾಗಿ ಕಾಣುತ್ತದೆ. ಊರಿನವರಿಗೆ ಈ ಬೆಳಕು ಹಿಡಿಸುವುದಿಲ್ಲ. ಇಲ್ಲಿ ನಿಂತರೆ ಹೆಣದ ಕಳೆ ಬರುತ್ತದೆ ಎನ್ನುತ್ತಾರೆ. ನನ್ನ ಎದುರಿಗೆ ಶವಪೆಟ್ಟಿಗೆ ಮಾಡುವವರ ಅಂಗಡಿ ಇರುವುದು ಆ ಮಾತಿಗೆ ಇನ್ನಷ್ಟು ಬಲ ಕೊಟ್ಟಿದೆ. ಹಾದು ಹೋಗಲೇಬೇಕಾದವರು ತಲೆ ತಗ್ಗಿಸಿಕೊಂಡು, ಸೈಕಲ್ಲನ್ನು ಜೋರಾಗಿ ತುಳಿದುಕೊಂಡು ಹೋಗುತ್ತಾರೆ. ಬಸುರಿಯರು, ಬಾಣಂತಿಯರು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಬಣ್ಣದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ನಾನು ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಬಂದೆ. ನನ್ನ ಕೆಲಸದ ಮೇಲೆ ನನಗೆ ನಂಬಿಕೆ ಇದೆ. ಇಡೀ ಊರಿನಲ್ಲಿ ಇದು ಇಂಥದೇ ಬಣ್ಣ ಎಂದು ಎದೆ ತಟ್ಟಿ ಹೇಳಬಲ್ಲವಳು ನಾನೊಬ್ಬಳೇ.

ಹಪ್ಪಳದ ಗೌರಮ್ಮಣ್ಣಿಯವರ ಕಿರಿಯ ಮಗಳು ಅಂಬುಜೆಯ ಮದುವೆ ವಿಡಿಯೋ ನನಗೆ ಬಂದದ್ದು ಹೋದ ವರ್ಷ ವೈಶಾಖದಲ್ಲಿ. ಗೌರಮ್ಮಣ್ಣಿ ಕಂಚುಗಾರ ಬೀದಿಯವರು. ಗಂಡ ಹೋದ ಮೇಲೆ ಹಪ್ಪಳ ಸಂಡಿಗೆ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ ಗಟ್ಟಿಗಿತ್ತಿ. ಹುಡುಗನ ಕಡೆಯವರು ಕೆರೆ ಬೀದಿಯವರು. ಹೀಗೆ ಎರಡು ಬೀದಿಯ ಸಂಬಂಧ ಕೂಡಿದರೆ ಎರಡೂ ಬೆಳಕು ಸೇರುವ ಗಡಿಯ ಮೇಲೆ ಚಪ್ಪರ ಹಾಕುವುದು ನಮ್ಮ ಊರಿನ ರೂಢಿ. ಹೆಣ್ಣಿನ ಕಡೆಯವರು ಹಳದಿಯಲ್ಲಿ ಕೂರುತ್ತಾರೆ, ಗಂಡಿನ ಕಡೆಯವರು ನೀಲಿಯಲ್ಲಿ. ನಡುವೆ ಹಸೆಮಣೆ. ವಿಡಿಯೋ ಮಾಡಿಸುವವರೆಲ್ಲ ನನ್ನನ್ನು ಕೇಳುವುದು ಒಂದನ್ನೇ. ಎರಡೂ ಮನೆಯವರು ಒಂದೇ ಬೆಳಕಿನಲ್ಲಿ ಕೂತ ಹಾಗೆ ಕಾಣಬೇಕು.

ಚಿತ್ರೀಕರಣ ನೋಡಿಕೊಳ್ಳುವವರು ಲಾಜರಸಣ್ಣ. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು, ಮಿತಭಾಷಿ. ಅವರು ಒಂದು ಕ್ಯಾಮೆರಾವನ್ನು ಹಳದಿಯಲ್ಲಿ, ಒಂದನ್ನು ನೀಲಿಯಲ್ಲಿ, ಮೂರನೆಯದನ್ನು ಎರಡೂ ಕಾಣುವಂತೆ ಮೂಲೆಮನೆಯ ತಾರಸಿಯ ಮೇಲೆ ಇಟ್ಟಿದ್ದರು. ಮುಹೂರ್ತಕ್ಕೆ ಮೊದಲು ಮೂರರ ಮುಂದೆಯೂ ಒಂದು ಬಿಳಿ ರಟ್ಟು ಹಿಡಿದು ತೋರಿಸಿದ್ದರು. ಆ ರಟ್ಟು ನಮ್ಮ ಬೀದಿಯಲ್ಲಿ ಬಿಳಿ. ಹಳದಿಯಲ್ಲಿ ಅದೆಷ್ಟು ಹಳದಿಯಾಯಿತು, ನೀಲಿಯಲ್ಲಿ ಎಷ್ಟು ನೀಲಿಯಾಯಿತು ಎಂದು ಅಳೆದು ಅಷ್ಟನ್ನು ಚಿತ್ರದಿಂದ ಕಳೆದರೆ ಉಳಿಯುವುದು ನಿಜವಾದ ಬಣ್ಣ. ಹೇಳಲು ಸುಲಭ.

ಮೊದಲು ಮೂರು ಕ್ಯಾಮೆರಾಗಳನ್ನು ಒಂದಕ್ಕೊಂದು ಜೋಡಿಸಬೇಕು. ನಾನು ಗಟ್ಟಿಮೇಳ ಹಿಡಿಯುತ್ತೇನೆ. ಡೋಲಿನ ಮೊದಲ ಪೆಟ್ಟು ಮೂರರಲ್ಲೂ ಒಟ್ಟಿಗೆ ಬಿದ್ದರೆ ಮುಂದಿನದೆಲ್ಲ ತಾನಾಗಿಯೇ ಹೊಂದುತ್ತದೆ. ಆಮೇಲೆ ಬಿಳಿ, ಆಮೇಲೆ ಕಪ್ಪು, ಕೊನೆಗೆ ಮುಖಗಳು. ಮುಖಗಳಿಗೆ ನನ್ನ ಹತ್ತಿರ ಒಂದು ಅಳತೆ ಇದೆ. ಪರದೆಯ ಮೂಲೆಯಲ್ಲಿ ಗಡಿಯಾರದಂಥ ಒಂದು ದುಂಡನೆಯ ನಕ್ಷೆ, ಅದರಲ್ಲಿ ಓರೆಯಾಗಿ ಒಂದು ಗೆರೆ. ಬೆಳಕಿನ ಬಣ್ಣ ತೆಗೆದ ಮೇಲೆ ಮನುಷ್ಯರ ಚರ್ಮ ಕಪ್ಪಿರಲಿ, ಬೆಳ್ಳಗಿರಲಿ, ಎಣ್ಣೆಗೆಂಪಿರಲಿ, ಎಲ್ಲರ ಚುಕ್ಕೆಗಳೂ ಆ ಗೆರೆಯ ಆಸುಪಾಸಿಗೇ ಬಂದು ಕೂರುತ್ತವೆ. ಒಳಗಿನ ರಕ್ತ ಒಂದೇ ಅಲ್ವಾ ಮಂದಮ್ಮ ಎನ್ನುತ್ತಾರೆ ಲಾಜರಸಣ್ಣ. ನನ್ನ ಪೂರ್ತಿ ಹೆಸರು ಮಂದಾಕಿನಿ.

ಎಂಟನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಧಾರೆಯ ಭಾಗಕ್ಕೆ ಬಂದಿದ್ದೆ. ಹೆಣ್ಣಿನ ಕಡೆಯ ಮುಖಗಳು ಒಂದೊಂದಾಗಿ ಗೆರೆಯ ಮೇಲೆ ಕೂತವು. ಮದುಮಗಳು ಕೊಂಚ ಆಚೆ ಸರಿದಿದ್ದಳು. ಕೆನ್ನೆಗೆ ಅರಿಶಿನ ಹಚ್ಚಿದ್ದರಲ್ಲ, ಅದು ಸರಿಯೇ. ಆದರೆ ಅವಳ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅಕ್ಕ ವಿಶಾಲೂ ಗೆರೆಗೆ ಬರಲಿಲ್ಲ. ವಿಶಾಲೂಗೆ ಆಗ ಏಳು ತಿಂಗಳು. ಗಂಡ ತಿಪ್ಪೇಶನ ಮನೆ ಮಗ್ಗದ ಬೀದಿಯಲ್ಲಿದ್ದರೂ, ತಂಗಿಯ ಮದುವೆಯ ಓಡಾಟಕ್ಕೆಂದು ಎರಡು ತಿಂಗಳು ಮೊದಲೇ ತವರಿಗೆ ಬಂದಿದ್ದಳು. ಅವಳ ಕೆನ್ನೆಗೆ ಯಾರೂ ಅರಿಶಿನ ಹಚ್ಚಿರಲಿಲ್ಲ.

ನನ್ನ ಕೈ ತಾನಾಗಿ ಮೌಸಿನ ಮೇಲೆ ಹೋಯಿತು. ಅವಳ ಮುಖದ ಸುತ್ತ ಒಂದು ವೃತ್ತ ಎಳೆದು, ಹಳದಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರೆ ಮುಗಿಯಿತು. ನಾಲ್ಕು ಸೆಕೆಂಡಿನ ಕೆಲಸ. ಆದರೆ ನಾನು ಕೈ ತೆಗೆದೆ.

ಮೂರು ವರ್ಷದ ಹಿಂದೆ ಹೀಗೇ ಆಗಿತ್ತು. ಕಂಚುಗಾರ ಬೀದಿಯ ಶಾಲೆಯ ಷಡಕ್ಷರಿ ಮೇಷ್ಟರ ಬೀಳ್ಕೊಡುಗೆ ಸಮಾರಂಭದ ವಿಡಿಯೋ. ಅವರೊಬ್ಬರ ಮುಖ ಎಷ್ಟು ಮಾಡಿದರೂ ಗೆರೆಗೆ ಬರಲಿಲ್ಲ. ನನ್ನ ಅಳತೆಯೇ ತಪ್ಪಿರಬೇಕು ಎಂದುಕೊಂಡು ವೃತ್ತ ಎಳೆದು ಸರಿ ಮಾಡಿಬಿಟ್ಟೆ. ಮೇಷ್ಟರು ವಿಡಿಯೋದಲ್ಲಿ ಬಹಳ ಲಕ್ಷಣವಾಗಿ ಬಂದರು. ನಾಲ್ಕು ತಿಂಗಳಾದ ಮೇಲೆ ಅವರ ವೈಕುಂಠ ಸಮಾರಾಧನೆಗೆ ಅದೇ ವಿಡಿಯೋದಿಂದ ಫೋಟೋ ತೆಗೆದುಕೊಡಿ ಎಂದು ಮನೆಯವರು ಬಂದರು. ಪಿತ್ತಕೋಶ ಕೆಟ್ಟಿತ್ತಂತೆ, ತಿಳಿಯುವಷ್ಟರಲ್ಲಿ ಕೈಮೀರಿತ್ತಂತೆ. ನಾನು ಫೋಟೋ ಮಾಡಿಕೊಟ್ಟೆ. ಯಾರಿಗೂ ಏನೂ ಹೇಳಲಿಲ್ಲ.

ಈ ಸಲ ಚಿತ್ರವನ್ನು ದೊಡ್ಡದು ಮಾಡಿ ವಿಶಾಲೂವಿನ ಕಣ್ಣು ನೋಡಿದೆ. ಕಣ್ಣಿನ ಬಿಳಿಗೆ ಅರಿಶಿನ ಅಂಟುವುದಿಲ್ಲ. ಅದೇ ಫ್ರೇಮಿನಲ್ಲಿ ಧಾರೆಗೆಂದು ಇಟ್ಟ ಹಾಲಿನ ಬಟ್ಟಲಿತ್ತು. ಹಾಲು ಹಾಲಿನಂತೆಯೇ ಬೆಳ್ಳಗಿತ್ತು. ಮದುಮಗಳ ಕಣ್ಣೂ ಬೆಳ್ಳಗಿತ್ತು. ವಿಶಾಲೂವಿನ ಕಣ್ಣು ಮಾಗಿದ ನಿಂಬೆಹಣ್ಣಿನ ಸಿಪ್ಪೆಯಂತಿತ್ತು. ಹಳದಿ ಬೆಳಕಿನ ಕ್ಯಾಮೆರಾ ಮೋಸ ಮಾಡಿರಬಹುದು ಎಂದು ಇನ್ನೊಂದರಲ್ಲಿ ಹುಡುಕಿದೆ. ಬೀಗರನ್ನು ಎದುರುಗೊಳ್ಳಲು ಅವಳು ನೀಲಿಗೆ ದಾಟಿದ್ದಳು. ಅಲ್ಲಿಯ ನೀಲಿಯನ್ನು ಕಳೆದು ನೋಡಿದೆ. ಮತ್ತೆ ಅದೇ ನಿಂಬೆಸಿಪ್ಪೆ. ಎರಡು ಬೇರೆ ಬೆಳಕು, ಎರಡು ಬೇರೆ ಕ್ಯಾಮೆರಾ, ಎರಡೂ ಒಂದೇ ಮಾತು ಹೇಳಿದವು. ಆಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಮಧ್ಯಾಹ್ನದ ಊಟ ಬಿಟ್ಟು ಹೆಣ್ಣಿನ ಕಡೆಯ ಒಂದೊಂದೇ ಮುಖ ನೋಡುತ್ತಾ ಹೋದೆ. ಇನ್ನೂ ನಾಲ್ವರು ಸಿಕ್ಕರು. ಹಪ್ಪಳ ಲಟ್ಟಿಸಲು ಬರುವ ಇಬ್ಬರು ಹೆಂಗಸರು, ಪಕ್ಕದ ಮನೆಯ ಎರಕದ ಕೆಲಸದವರೊಬ್ಬರು, ಅವರ ಅತ್ತೆ. ಲಾಜರಸಣ್ಣನನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಇವರೆಲ್ಲಾ ಬೀದಿಯ ಕೆಳತುದಿಯವರು" ಎಂದರು. "ಬಾವಿ ನೀರು ಬಿಟ್ಟು ನಲ್ಲಿ ಹಾಕಿಸ್ಕೊಂಡ್ರಲ್ಲ, ಆ ಸಾಲು."

"ಕಾಮಾಲೆ ಲಾಜರಸಣ್ಣ. ಆ ಬೆಳಕಲ್ಲಿ ಯಾರಿಗೆ ಗೊತ್ತಾಗ್ಬೇಕು?"

"ಅದು ಸರಿ. ಆದ್ರೆ ಇದು ಬಣ್ಣದ ಮಾತು. ಯಾರ ಮನೆ ಬಾಗಿಲಿಗೆ ಹೋಗಿ ಹೇಳ್ತೀರಾ?"

"ಮೊದ್ಲು ಡಾಕ್ಟ್ರಿಗೆ ಹೇಳ್ತೀನಿ. ಆಮೇಲೆ ಅವರ ಬಾಗಿಲಿಗೇ ಹೋಗ್ತೀನಿ" ಎಂದೆ. ಅವರು ಸ್ಕೂಟರಿನ ಕೀ ತೆಗೆದುಕೊಂಡರು.

ಡಾಕ್ಟರ್ ಮುನೀರ್ ಅವರ ದವಾಖಾನೆ ಕೆರೆ ಬೀದಿಯಲ್ಲಿದೆ. ಒಳ್ಳೆಯ ವೈದ್ಯರು, ಊರಿನ ಅರ್ಧ ಮಕ್ಕಳಿಗೆ ಅವರೇ ಚುಚ್ಚುಮದ್ದು ಹಾಕಿದ್ದು. ವಿಶಾಲೂ ಅವರ ಹತ್ತಿರ ಹಿಂದಿನ ವಾರವೇ ಬಂದು ಹೋಗಿದ್ದಳು. ಸುಸ್ತು, ವಾಂತಿ, ಊಟ ಸೇರುವುದಿಲ್ಲ. ಬಸುರಿಗೆ ಸಹಜ, ಮದುವೆಯ ಓಡಾಟ ಬೇರೆ ಎಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದರು.

"ರಕ್ತ ಪರೀಕ್ಷೆ ಮಾಡೋಣ ಅಂದೆ. ಅವರಮ್ಮ ಬಸುರಿ ಮೈಯಿಂದ ರಕ್ತ ತೆಗೀಬೇಡಿ ಅಂದ್ರು. ನಾನೂ ಒತ್ತಾಯ ಮಾಡ್ಲಿಲ್ಲ" ಎಂದರು.

"ಕಣ್ಣು ನೋಡಿದ್ರಾ ಡಾಕ್ಟ್ರೇ?"

"ನೋಡ್ದೇ ಇರ್ತೀನಾ? ಏನೂ ಕಾಣ್ಲಿಲ್ಲ."

ದವಾಖಾನೆಯ ಬಾಗಿಲಿಗೆ ದೃಷ್ಟಿಗೆಂದು ಯಾರೋ ನಿಂಬೆಹಣ್ಣು ಕಟ್ಟಿದ್ದರು. ನಾನು ಅದನ್ನು ಬೊಟ್ಟು ಮಾಡಿ ತೋರಿಸಿ, "ಅದು ಯಾವ ಬಣ್ಣ ಕಾಣುತ್ತೆ ನಿಮಗೆ?" ಎಂದೆ. ಅವರು ತಿರುಗಿ ನೋಡಿದರು. ನೀಲಿಯಲ್ಲಿ ನಿಂಬೆಹಣ್ಣು ಬೂದಿ ಬಣ್ಣದ ಒಂದು ಗುಂಡಾಗಿ ತೂಗುತ್ತಿತ್ತು. ಪಕ್ಕದಲ್ಲಿ ಸುಣ್ಣ ಬಳಿದ ಗೋಡೆ ಕೂಡ ಹೆಚ್ಚುಕಡಿಮೆ ಅದೇ ಬೂದಿ. ಡಾಕ್ಟರ್ ಕುತ್ತಿಗೆಯಲ್ಲಿದ್ದ ಸ್ಟೆತಸ್ಕೋಪನ್ನು ತೆಗೆದು ಮೇಜಿನ ಮೇಲಿಟ್ಟರು. ಚಪ್ಪಲಿ ಮೆಟ್ಟಿಕೊಂಡು ನಮ್ಮ ಹಿಂದೆ ಹೊರಟರು.

ಸ್ಟುಡಿಯೋದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ನನಗೆ ಹಿಡಿಸಿತು. "ನಿಮ್ಮ ಬಿಳಿ ನಿಜವಾಗ್ಲೂ ಬಿಳಿ ಅಂತ ನಾನು ಹೆಂಗೆ ನಂಬ್ಲಿ?"

ಬಿಳಿ ರಟ್ಟನ್ನು ಅವರ ಕೈಗೆ ಕೊಟ್ಟೆ. ಬಾಗಿಲಿಗೆ ಹೋಗಿ ಬೋಳು ಬೆಳಕಿನಲ್ಲಿ ಹಿಡಿದು ನೋಡಿ ಬನ್ನಿ ಎಂದೆ. ನೋಡಿ ಬಂದರು. ಪರದೆಯ ಮೇಲೆ ಅದೇ ರಟ್ಟನ್ನು ಮೂರು ಕ್ಯಾಮೆರಾದಲ್ಲೂ ತೋರಿಸಿದೆ. ತಿದ್ದುವ ಮೊದಲು, ತಿದ್ದಿದ ಮೇಲೆ. ಆಮೇಲೆ ಹಾಲಿನ ಬಟ್ಟಲು. ಆಮೇಲೆ ತಂಗಿಯ ಕಣ್ಣು, ಅಕ್ಕನ ಕಣ್ಣು. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಬಸುರೀಲಿ ಇದು ಬಂದ್ರೆ ಹುಡುಗಾಟ ಅಲ್ಲ" ಎಂದರು ಮೆಲ್ಲಗೆ. "ತಾಯಿ ಮಗು ಇಬ್ಬರಿಗೂ ಕಷ್ಟ. ಇವತ್ತೇ ರಕ್ತ ತೆಗೀಬೇಕು. ಆದ್ರೆ ಗೌರಮ್ಮಣ್ಣಿಯವ್ರು ಒಪ್ಪಬೇಕಲ್ಲ. ಹೋದ ವಾರ ನೀವೇ ಏನೂ ಇಲ್ಲ ಅಂದ್ರಲ್ಲ ಅಂತ ಕೇಳಿದ್ರೆ ನಾನೇನು ಹೇಳ್ಲಿ?"

"ಅವರನ್ನ ನಾನು ಇಲ್ಲಿಗೇ ಕರೆಸ್ತೀನಿ" ಎಂದೆ. ಕಂಚುಗಾರ ಬೀದಿಗೆ ಹೋಗಿ ಹೇಳಿ ಪ್ರಯೋಜನವಿರಲಿಲ್ಲ. ಅಲ್ಲಿ ಎಲ್ಲರ ಕಣ್ಣೂ ಹಳದಿ.

ಫೋನ್ ಮಾಡಿ, ಧಾರೆಯ ಭಾಗ ತಯಾರಾಗಿದೆ, ನೋಡಿ ಹೋಗಿ ಎಂದೆ. ನಾಲ್ಕು ಗಂಟೆಗೆ ಆಟೋದಲ್ಲಿ ಬಂದರು. ಬೋಳು ಬೆಳಕು ತಾಗದಂತೆ ಕೊಡೆಯನ್ನು ಮುಖದವರೆಗೂ ತಗ್ಗಿಸಿಕೊಂಡು ಒಳಗೆ ಓಡಿ ಬಂದು, ಕುಳಿತ ಮೇಲೆಯೇ ಮಡಚಿದರು. ಡಾಕ್ಟರ್ ಒಳಕೋಣೆಯಲ್ಲಿದ್ದರು; ಮೊದಲು ನೀವೇ ಮಾತಾಡಿ ಎಂದಿದ್ದರು.

ಪರದೆಯ ಮೇಲೆ ಗಟ್ಟಿಮೇಳ ಬಡಿಯಿತು. ಎರಡೂ ಮನೆಯವರು ಒಂದೇ ಬೆಳಕಿನಲ್ಲಿ ಕೂತಿದ್ದರು. ಗೌರಮ್ಮಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಳಿಯಂದ್ರ ಶಲ್ಯ ಹಸಿರಾ? ನಾನು ಕಪ್ಪು ಅಂದ್ಕೊಂಡು ಬೇಜಾರು ಮಾಡ್ಕೊಂಡಿದ್ದೆ ಕಣ್ರೀ" ಎಂದು ನಕ್ಕರು. ಕಣ್ಣಲ್ಲಿ ನೀರಾಡಿತು. ಆ ಸಂತೋಷವನ್ನು ಒಂದು ನಿಮಿಷ ಹಾಗೇ ಬಿಟ್ಟೆ. ಆಮೇಲೆ ವಿಶಾಲೂ ಕಂಡಳು.

ಅವರ ನಗು ನಿಧಾನವಾಗಿ ಇಳಿಯಿತು.

"ಇವಳನ್ನ ಯಾಕೆ ಹೀಗೆ ಬಿಟ್ಟಿದೀರಾ? ಇವಳ ಬೆಳಕು ತೆಗೆದಿಲ್ವಾ?"

"ತೆಗೆದಿದೀನಿ ಗೌರಮ್ಮಣ್ಣಿ. ಎಲ್ಲರದ್ದು ತೆಗೆದ ಹಾಗೇ ತೆಗೆದಿದೀನಿ."

"ಮತ್ತೆ?"

"ಅದು ಬೆಳಕಿನ ಹಳದಿ ಅಲ್ಲ. ಅವಳ ಮೈಯೊಳಗಿಂದು. ಕಣ್ಣು ನೋಡಿ. ಅವಳಿಗೆ ಕಾಮಾಲೆ ಆಗಿದೆ."

ಅವರು ತಟ್ಟನೆ ಎದ್ದು ನಿಂತರು. ನಾನು ಅವರ ಮಗಳ ಬಣ್ಣದ ಮಾತಾಡಿಬಿಟ್ಟಿದ್ದೆ, ಅದೂ ಮುಖಕ್ಕೆ ಮುಖ ಕೊಟ್ಟು. ಅವರ ಮೂಗಿನ ಹೊಳ್ಳೆಗಳು ಅರಳಿದವು.

"ನೀವು ದುಡಿಯೋ ಹೆಂಗಸು ಅಂತ ಗೌರವ ಇಟ್ಕೊಂಡಿದ್ದೆ. ನನ್ ಮಗಳ ಬಣ್ಣ ಆಡ್ಕೊಳ್ಳೋಕೆ ಕರೆಸಿದ್ರಾ? ನಿಮಗೆ ಬರದೇ ಇರೋ ಕೆಲಸಕ್ಕೆ ಅವಳ ಮೈಮೇಲೆ ಗೂಬೆ ಕೂರಿಸ್ಬೇಡಿ. ಸರಿ ಮಾಡೋದು ನಿಮ್ಮ ಕಸುಬು. ಸರಿ ಮಾಡಿ."

"ಈಗ್ಲೇ ಸರಿ ಮಾಡಬಹುದು" ಎಂದೆ. ವೃತ್ತ ಎಳೆದೆ. ಹಳದಿಯನ್ನು ಹಿಂದಕ್ಕೆ ತಿರುಗಿಸಿದೆ. ವಿಶಾಲೂ ತಂಗಿಯಷ್ಟೇ ಲಕ್ಷಣವಾಗಿ, ಕಣ್ಣು ಬೆಳ್ಳಗಾಗಿ ಕಂಡಳು. ಗೌರಮ್ಮಣ್ಣಿ ಉಸಿರು ಬಿಟ್ಟರು. ನಾನು ಮತ್ತೆ ಮೊದಲಿನಂತೆ ಮಾಡಿದೆ.

"ಹಿಂಗೆ ನಾನು ಒಬ್ಬರಿಗೆ ಮಾಡಿದೀನಿ. ಷಡಕ್ಷರಿ ಮೇಷ್ಟ್ರಿಗೆ. ಅವರ ಬೀಳ್ಕೊಡುಗೆ ವಿಡಿಯೋದಲ್ಲಿ. ನನಗೆ ಕಂಡಿತ್ತು ಗೌರಮ್ಮಣ್ಣಿ, ನಾನು ಅಳಿಸಿ ಹಾಕ್ದೆ. ನಾಲ್ಕು ತಿಂಗಳಿಗೆ ಹೋಗಿಬಿಟ್ರು. ಆಗ್ಲೇ ಹೇಳಿದ್ರೆ ಉಳೀತಿದ್ರೋ ಇಲ್ವೋ ಗೊತ್ತಿಲ್ಲ. ಹೇಳ್ಲಿಲ್ಲ ಅನ್ನೋದಂತೂ ನನಗೆ ಗೊತ್ತಿದೆ. ಬೆಳಕಿನ ಬಣ್ಣ ತೆಗೆಯೋದು ನನ್ನ ಕೆಲಸ. ಮೈಯ ಬಣ್ಣ ತೆಗೆಯೋದಲ್ಲ. ನೀವು ಈ ವಿಡಿಯೋನೇ ಬೇಡ ಅಂದ್ರೂ ಸರಿ. ವಿಶಾಲೂನ ಒಂದು ನಿಮಿಷ ಈ ಬೀದಿಗೆ ಕರ್ಕೊಂಡ್ ಬನ್ನಿ. ನಿಮ್ಮ ಕಣ್ಣಾರೆ ನೋಡಿ."

"ಏಳು ತಿಂಗಳ ಬಸುರೀನ ಈ ಬೀದಿಗೆ ಕರೀತೀರಾ? ಎದುರಿಗೆ ಆ ಪೆಟ್ಟಿಗೆ ಅಂಗಡಿ ಇಟ್ಕೊಂಡು?"

ಆಗ ಡಾಕ್ಟರ್ ಹೊರಗೆ ಬಂದರು. "ಅಮ್ಮಾ, ಹೋದ ವಾರ ನನಗೆ ಕಾಣಿಸ್ಲಿಲ್ಲ. ನನ್ನ ಬೀದಿ ನೀಲಿ. ತಪ್ಪು ನನ್ನದು" ಎಂದರು. ವೈದ್ಯರೊಬ್ಬರು ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಗೌರಮ್ಮಣ್ಣಿ ಅವರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೊಡೆ ಬಿಚ್ಚಿಕೊಂಡು ಹೊರಟುಹೋದರು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನಾವು ಬಾಗಿಲಲ್ಲಿ ನಿಂತಿದ್ದೆವು.

"ಬರ್ತಾರೆ" ಎಂದೆ.

"ಹೆಂಗೆ ಹೇಳ್ತೀರಾ?" ಎಂದರು ಲಾಜರಸಣ್ಣ.

"ಅವರು ಕಣ್ಣು ನೋಡಿದಾರೆ. ನೋಡಿದ್ದು ಹೋಗಲ್ಲ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಒಂದು ಸ್ಕೂಟರು ಬಂದು ನಿಂತಿತು. ಬಂದವರು ಗೌರಮ್ಮಣ್ಣಿಯಲ್ಲ. ತಿಪ್ಪೇಶ ಮುಂದೆ, ವಿಶಾಲೂ ಹಿಂದೆ, ಒಂದು ಕೈಯಲ್ಲಿ ಕೊಡೆ. ತಿಪ್ಪೇಶ ತಕ್ಕಡಿ ರಿಪೇರಿ ಮಾಡುವವನು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಜಾತಿ. ವಿಶಾಲೂ ಹುಷಾರಾಗಿ ಇಳಿದಳು.

"ಅಮ್ಮ ನಿನ್ನೆ ಸಂಜೆಯಿಂದ ನನ್ನ ಮುಖ ನೋಡ್ತಿಲ್ಲ ಅಕ್ಕ" ಎಂದಳು. "ಕೇಳಿದ್ರೆ ಹೇಳ್ತಿಲ್ಲ. ಒಲೆ ಮುಂದೆ ಕೂತ್ಕೊಂಡು ಅಳ್ತಾರೆ. ಕೊನೆಗೆ ಬೋಳು ಬೀದಿ ಅಂತ ಒಂದೇ ಮಾತು ಹೇಳಿದ್ರು. ಇವರಿಗೆ ಕರ್ಕೊಂಡ್ ಹೋಗಿ ಅಂದೆ. ಅದೇನಿದೆ ನೋಡೇಬಿಡೋಣ."

ಬೀದಿಯ ನಡುವೆ ನಿಂತು ಅವಳೇ ಕೊಡೆ ಮಡಚಿದಳು. ಎದುರು ಅಂಗಡಿಯವರು ಉಳಿ ಕೆಳಗಿಟ್ಟು ಎದ್ದು ನಿಂತರು. ಬೋಳು ಬೆಳಕು ಅವಳ ಮುಖದ ಮೇಲೆ ಬಿತ್ತು. ನಾನು ಪರದೆಯ ಮೇಲೆ ಕಂಡದ್ದಕ್ಕಿಂತ ಹೆಚ್ಚಾಗಿತ್ತು. ಅಂಗೈ, ಕುತ್ತಿಗೆ, ಕಣ್ಣು, ಎಲ್ಲವೂ. ತಿಪ್ಪೇಶ ಸ್ಕೂಟರಿನ ಹ್ಯಾಂಡಲ್ ಬಿಡದೆ ಅವಳನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಒಂದು ಆಟೋ ಬಂದು ಗಕ್ಕನೆ ನಿಂತಿತು. ಗೌರಮ್ಮಣ್ಣಿ ಇಳಿದರು. ಕೊಡೆ ಇರಲಿಲ್ಲ. ಮಗಳ ಹತ್ತಿರ ಹೋಗಿ, ಎರಡೂ ಕೈಯಿಂದ ಅವಳ ಮುಖ ಹಿಡಿದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು. ಎಷ್ಟು ಹೊತ್ತು ನೋಡಿದರೋ.

"ಡಾಕ್ಟ್ರು ಎಲ್ಲಿ?" ಎಂದರು.

ಹನ್ನೊಂದರ ಹೊತ್ತಿಗೆ ರಕ್ತದ ಫಲಿತಾಂಶ ಬಂತು. ಹನ್ನೆರಡಕ್ಕೆ ಅವಳನ್ನು ಆಚೆಯೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೊರಟರು. ಡಾಕ್ಟರ್ ಮುನೀರ್ ತಾವೇ ಜೊತೆಗೆ ಹೋದರು. ಹೋಗುವ ಮೊದಲು ನಾನು ಕೊಟ್ಟ ನಾಲ್ಕು ಹೆಸರುಗಳನ್ನು ಜೇಬಿನಿಂದ ತೆಗೆದು ಮತ್ತೊಮ್ಮೆ ಓದಿಕೊಂಡರು. "ಇವರನ್ನ ನೀವೇ ಕರೆಸಿ. ನಿಮ್ಮ ಬೀದೀಲೇ ನೋಡೋಣ" ಎಂದರು.

ಕರೆಸುವುದು ಸುಲಭವಾಗಲಿಲ್ಲ. ಎರಕದ ಕೆಲಸದವರು ನನ್ನ ಮುಖದ ಮೇಲೆ ಬಾಗಿಲು ಹಾಕಿದರು. ಹಪ್ಪಳದ ಹೆಂಗಸರಲ್ಲೊಬ್ಬಳು ನನ್ನ ಅಜ್ಜಿಯಿಂದ ಹಿಡಿದು ಬೈದಳು. ಆಸ್ಪತ್ರೆಯಿಂದ ಗೌರಮ್ಮಣ್ಣಿ ಫೋನ್ ಮಾಡಿ ಒಬ್ಬೊಬ್ಬರ ಹತ್ತಿರ ಮಾತಾಡಿದ ಮೇಲೆ ಎಲ್ಲರೂ ಬಂದರು. ಬರುವಾಗ ಅಕ್ಕಪಕ್ಕದ ಮನೆಯವರನ್ನೂ ಕರೆತಂದರು. ಒಟ್ಟು ಇಪ್ಪತ್ತಮೂರು ಜನ. ಅದರಲ್ಲಿ ಒಂಬತ್ತು ಜನರಿಗೆ ಕಾಮಾಲೆ. ಮದುವೆಗೆ ಎರಡು ವಾರ ಮೊದಲು ಅದೇ ಸಾಲಿನ ಅಜ್ಜಿಯೊಬ್ಬಳು ತೀರಿಕೊಂಡಿದ್ದಳು. ವಯಸ್ಸಾಗಿತ್ತು ಎಂದು ಎಲ್ಲರೂ ಸುಮ್ಮನಾಗಿದ್ದರು. ನೀರಿನ ಕಚೇರಿಯವರು ಬಂದು ಅಗೆದು ನೋಡಿದಾಗ ಹೊಸ ನಲ್ಲಿಯ ಪೈಪು ಒಡೆದ ಚರಂಡಿಯ ಪಕ್ಕದಲ್ಲೇ ಹಾದುಹೋಗಿತ್ತು. ಎರಡು ಕಡೆ ಬಿರುಕು. ವಾರದೊಳಗೆ ಬದಲಾಯಿಸಿದರು. ಅಲ್ಲಿಯವರೆಗೆ ಆ ಸಾಲಿನವರೆಲ್ಲ ಹಳೆಯ ಬಾವಿಗೆ ಹಗ್ಗ ಇಳಿಸಿದರು, ನೀರು ಕಾಯಿಸಿ ಕುಡಿದರು.

ವಿಶಾಲೂ ಇಪ್ಪತ್ತಾರು ದಿನ ಆಸ್ಪತ್ರೆಯಲ್ಲಿದ್ದಳು. ಮೊದಲ ಐದು ದಿನ ಡಾಕ್ಟರ್ ಫೋನ್ ಎತ್ತಿದರೂ ನೋಡೋಣ ಎಂದಷ್ಟೇ ಹೇಳುತ್ತಿದ್ದರು. ಆ ಐದು ದಿನ ನಾನು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ನನ್ನ ಅಳತೆ ಸರಿಯಾಗಿತ್ತು, ನನಗೆ ಅದರಲ್ಲಿ ಸಂಶಯವಿರಲಿಲ್ಲ. ಆದರೆ ಸರಿಯಾದ ಅಳತೆ ತಡವಾಗಿಯೂ ಬರಬಹುದು ಎನ್ನುವುದು ಮೇಷ್ಟರ ವಿಷಯದಲ್ಲಿ ಗೊತ್ತಾಗಿತ್ತು. ಆರನೆಯ ದಿನ ಅವಳು ಗಂಜಿ ಕೇಳಿದಳಂತೆ. ಇಪ್ಪತ್ತೊಂದನೆಯ ದಿನ, ದಿನ ತುಂಬುವ ಮೊದಲೇ, ಹೆಣ್ಣುಮಗು ಹುಟ್ಟಿತು. ಎರಡು ಕೈಬೊಗಸೆಯಷ್ಟು ಇತ್ತಂತೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೆಳೆಸಿದರು.

ಈಗ ಪ್ರತಿ ಮಂಗಳವಾರ ಡಾಕ್ಟರ್ ಮುನೀರ್ ನಮ್ಮ ಬೀದಿಗೆ ಬರುತ್ತಾರೆ. ಎದುರಿನ ಅಂಗಡಿಯವರೇ ಒಂದು ಬೆಂಚು ಮಾಡಿಕೊಟ್ಟಿದ್ದಾರೆ. ಶವಪೆಟ್ಟಿಗೆಯ ಮರದಲ್ಲೇ ಮಾಡಿದ್ದು ಎಂದು ಕೆಲವರು ಕೂರುವುದಿಲ್ಲ, ನಿಂತೇ ತೋರಿಸಿಕೊಂಡು ಹೋಗುತ್ತಾರೆ. ಮೊದಮೊದಲು ಕೊಡೆ ಹಿಡಿದು ಬಂದು, ಸರದಿ ಬಂದಾಗ ಮಾತ್ರ ಮಡಚುತ್ತಿದ್ದರು. ಈಚೆಗೆ ಕೆಲವು ಹೆಂಗಸರು ಕಾಯುತ್ತಾ ಸೊಪ್ಪು ಸೋಸಿಕೊಂಡು ಕೂತಿರುತ್ತಾರೆ.

ಮದುವೆಯ ವಿಡಿಯೋ ಮಾತ್ರ ನನ್ನ ಹತ್ತಿರವೇ ಉಳಿದಿತ್ತು. ಕಾರ್ತಿಕದ ಒಂದು ಬೆಳಿಗ್ಗೆ ವಿಶಾಲೂ, ತಿಪ್ಪೇಶ, ಮಗು ಮೂವರೂ ಬಂದರು. ಮಗು ತಂದೆಯ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಅಮ್ಮ ನೋಡೋಕೆ ಬರಲ್ಲ ಅಂತಾರೆ, ನಾನೇ ನೋಡಿ ಒಪ್ಪಿಗೆ ಹೇಳ್ತೀನಿ ಎಂದಳು ವಿಶಾಲೂ. ಮೊದಲಿನಿಂದ ಹಾಕಿದೆ. ಬೀಗರು ಬಂದರು, ಕಾಲು ತೊಳೆದರು, ಗಟ್ಟಿಮೇಳ ಬಡಿಯಿತು. ಅವಳ ಮುಖ ಬಂದಾಗ ನಾನು ನಿಲ್ಲಿಸಿದೆ.

"ಇದನ್ನ ಏನು ಮಾಡ್ಲಿ ಹೇಳು. ಈಗ ನೀನು ಚೆನ್ನಾಗಿದೀಯ. ಬೇಕಂದ್ರೆ ತಿದ್ದುತ್ತೀನಿ."

ಅವಳು ಮುಂದಕ್ಕೆ ಬಾಗಿ ತನ್ನನ್ನೇ ನೋಡಿಕೊಂಡಳು. "ಬೇಡ. ನಾನು ಹಾಗೇ ಇದ್ದೆ, ಹಾಗೇ ಇರ್ಲಿ" ಎಂದಳು. ಆಮೇಲೆ ಅವಳ ಕಣ್ಣು ಪರದೆಯ ಇನ್ನೊಂದು ಮೂಲೆಗೆ ಹೋಯಿತು. "ಅಲ್ಲಿ ಕಂಬದ ಹತ್ರ ನಿಂತಿರೋದು ಇವರಲ್ವಾ?"

ತಾರಸಿಯ ಮೇಲಿನ ಕ್ಯಾಮೆರಾದ ಚಿತ್ರ ಅದು. ತಿಪ್ಪೇಶ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಎಲ್ಲರೂ ಹಸೆಮಣೆಯ ಕಡೆ ನೋಡುತ್ತಿದ್ದರೆ ಅವನು ಹೆಂಡತಿಯ ಕಡೆ ನೋಡುತ್ತಿದ್ದ. ಮುಂದಕ್ಕೆ ಓಡಿಸಿದೆ. ಅಕ್ಷತೆ ಬಿತ್ತು, ಜನ ಎದ್ದರು. ಅವನು ಅಲ್ಲೇ ಇದ್ದ, ಅವಳನ್ನೇ ನೋಡುತ್ತಾ. ಊಟದ ಪಂಕ್ತಿಯಲ್ಲಿ ಎದುರು ಸಾಲಿನಲ್ಲಿ ಕೂತು ಅವಳ ಎಲೆಯನ್ನು, ಅವಳ ಕೈಯನ್ನು, ಅವಳ ಮುಖವನ್ನು ನೋಡುತ್ತಿದ್ದ. ಅವನ ಎಲೆಯಲ್ಲಿ ಬಡಿಸಿದ್ದು ಬಡಿಸಿದಂತೆಯೇ ಇತ್ತು. ಅಷ್ಟು ದಿನ ಆ ಚಿತ್ರಗಳ ಮುಂದೆ ಕೂತಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಬಣ್ಣ ನೋಡುತ್ತಿದ್ದೆ.

ವಿಶಾಲೂ ಗಂಡನ ಕಡೆ ತಿರುಗಿದಳು. "ನಿಮಗೆ ಅವತ್ತೇ ಗೊತ್ತಿತ್ತಾ?"

ಅವನು ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ. "ಗೊತ್ತಿತ್ತು ಅಂತಲ್ಲ. ಏನೋ ಸರಿ ಇಲ್ಲ ಅನ್ನಿಸ್ತಿತ್ತು. ಏನಂತ ಕೇಳ್ಬೇಕೋ ಗೊತ್ತಾಗ್ಲಿಲ್ಲ."

"ಹೆಂಗ್ ಬೇಕೋ ಹಂಗೆ ಕೇಳ್ಬೇಕಿತ್ತು. ಇನ್ಮೇಲೆ ಕಂಡಿದ್ದನ್ನ ಬಾಯ್ಬಿಟ್ಟು ಹೇಳ್ಬೇಕು ನೀವು."

"ಆಯ್ತು" ಎಂದ. ಆಮೇಲೆ ಬಾಗಿಲಿನಿಂದ ಬೀಳುತ್ತಿದ್ದ ಬೆಳಕಿನಲ್ಲಿ ಅವಳನ್ನು ತುಂಬ ಹೊತ್ತು, ತಕ್ಕಡಿಯ ಮುಳ್ಳು ನೋಡುವವನಂತೆ ನೋಡಿ, "ನಿನ್ನ ಮೂಗಿನ ತುದೀಲಿ ಬೆವರಿದೆ" ಎಂದ.

ಅವಳು ಎಷ್ಟು ಜೋರಾಗಿ ನಕ್ಕಳೆಂದರೆ ಮಗು ಎಚ್ಚರವಾಗಿ ಕಿರುಚಿತು. ಎದುರು ಅಂಗಡಿಯವರು ಉಳಿ ನಿಲ್ಲಿಸಿ ಇತ್ತ ನೋಡಿದರು. ನಾನು ವಿಡಿಯೋದ ಪ್ರತಿ ಮಾಡಲು ಹಾಕಿ, ಮಗುವನ್ನು ಎತ್ತಿಕೊಂಡೆ.